ಇಳಿತದ ಹೊತ್ತು

ಗುರುವಾರ ಸಂಜೆ ಪುರಸಭೆಯ ಗ್ರಂಥಾಲಯದ ಮಹಡಿಯಲ್ಲಿ
ಒಂಬತ್ತು ಮಂದಿಗೆ ನಾನು ಪಾಠ ಹೇಳುತ್ತಿದ್ದೆ:
ಬರೆಯುವವರು ವೇಳೆಯನ್ನು ಹೇಗೆ ಪಳಗಿಸಬೇಕು.
ಗೋಡೆಗೊಂದು ಪಟ್ಟಿ ಅಂಟಿಸಿದ್ದೆ, ಮನೆ ಮನೆಯಾಗಿ ಗೆರೆ ಎಳೆದು,
ಹಸಿರು ಮನೆ ಬರೆಯುವುದಕ್ಕೆ, ಹಳದಿ ತಿದ್ದುವುದಕ್ಕೆ,
ಕೆಂಪು ಹೊಟ್ಟೆಪಾಡಿಗೆ.
"ದಿನಾ ಬೆಳಗಿನ ಐದಕ್ಕೆ ಏಳಿ. ಅದೇ ಕುರ್ಚಿ, ಅದೇ ಗಂಟೆ.
ಮನಸ್ಸು ಎತ್ತಿನ ಹಾಗೆ,
ರೂಢಿಯಾದರೆ ತಾನೇ ಗೊಂತಿಗೆ ಬರುತ್ತದೆ."

ಹಿಂದಿನ ಸಾಲಿನಿಂದ ದೊರಿಂದಾ ಕೈಯೆತ್ತಿದಳು.
ಐವತ್ತೆಂಟರ ಹೆಂಗಸು, ಉಗುರಿನ ಸಂದಿಯಲ್ಲಿ ಕರಿ ಕೆಸರು,
ಕಾಲಲ್ಲಿ ಇನ್ನೂ ಒಣಗದ ರಬ್ಬರ್ ಬೂಟು.
"ಐದು ಅಂದರೆ ಯಾವ ವಾರದ ಐದು?"

ಯಾರೋ ನಕ್ಕರು. ನಾನೂ ನಕ್ಕೆ, ಕೊಂಚ.

ಅವಳು ಜೇಬಿನಿಂದ ಅಂಗೈಯಗಲದ ಪುಸ್ತಕ ತೆಗೆದಳು,
ಮೀನುಗಾರರ ಸಂಘ ಹಂಚುವ ಉಬ್ಬರವಿಳಿತದ ಪಟ್ಟಿ.
ಗಲೀಸಿಯಾದ ಈ ಕೊಲ್ಲಿಯಲ್ಲಿ ನೀರು ಹಿಂಜರಿದಾಗಷ್ಟೇ
ಮರಳು ಬಗೆದು ಮರುವಾಯಿ ಆಯಬಹುದು.
ನೀರೋ, ನಿನ್ನೆಯ ಹೊತ್ತಿಗೆ ಇಂದು ಇಳಿಯುವುದಿಲ್ಲ,
ದಿನಕ್ಕೆ ಐವತ್ತು ನಿಮಿಷ ತಡ,
ಬೇಕೆಂದೇ ತಡ ಮಾಡುವ ಬೀಗರ ಹಾಗೆ.
ಸೋಮವಾರ ಆರಕ್ಕೆ ಸೊಂಟ ಬಗ್ಗಿಸಿದವಳು
ಶುಕ್ರವಾರ ಒಂಬತ್ತು ಕಳೆದ ಮೇಲೆ ಬಗ್ಗಿಸುತ್ತಾಳೆ.
ಅವಳ ಐದು ಗಂಟೆ ಒಮ್ಮೆ ನಿದ್ದೆ, ಒಮ್ಮೆ ಮೊಣಕಾಲುದ್ದ ನೀರು,
ಒಮ್ಮೆ ಬರಿಯ ಕೈನೋವು.

ಪ್ರತಿ ಇಳಿತದ ಪಕ್ಕ ಪೆನ್ಸಿಲಿನ ಒಂದು ಗೀಟು.
"ನೀರು ಪೂರ್ತಿ ಇಳಿಯುವ ತನಕ ಕಾಯಬೇಕಲ್ಲ,
ಆ ಅರ್ಧ ಗಂಟೆ ನನ್ನದು.
ಉಳಿದವರು ಸೊಸೆಯಂದಿರನ್ನು ಆಡಿಕೊಳ್ಳುತ್ತಾರೆ,
ನಾನು ಓಬ್ದುಲಿಯಾಳ ವ್ಯಾನಿನಲ್ಲಿ ಕೂತು ಬರೆಯುತ್ತೇನೆ."
ತೂಕದ ಚೀಟಿಗಳ ಬೆನ್ನ ಮೇಲೆ, ಮೂರು ವರ್ಷದಿಂದ:
ಗಂಡನ ಹೆಸರು ಹೊತ್ತ ದೋಣಿಯನ್ನು
ಮಾರಲಾರದೆ ಮಾರುವ ಒಬ್ಬಳ ಕಥೆ.

ಆಮೇಲೆ ಅಳತೆಗೋಲು ತೋರಿಸಿದಳು, ನಡುವೆ ಕಿಂಡಿ ಕೊರೆದ ತಗಡು.
ಇದರಲ್ಲಿ ತೂರಿ ಬಿದ್ದ ಚಿಪ್ಪು ಮರಳಿಗೆ ವಾಪಸ್ಸು,
ಇಲ್ಲದಿದ್ದರೆ ದಂಡ.
"ಎಳೆಯ ಸಾಲಿಗೂ ಇದೇ. ಬೆಳೆಯಲಿ ಅಂತ ಬಿಡುತ್ತೇನೆ."

ನಾನು, ಮೇಷ್ಟ್ರಲ್ಲವೇ, ಸುಮ್ಮನಿರದೆ ಅಂದೆ:
"ನಿಮಗೆ ಇಡೀ ದಿನ ಸಿಕ್ಕರೆ ಎಷ್ಟು ಬರೆಯುತ್ತೀರೋ!"

"ಸಿಕ್ಕಿತ್ತು. ಹೋದ ಸೆಪ್ಟೆಂಬರಿನಲ್ಲಿ ನೀರಿಗೆ ವಿಷ ಬಂದು
ನಲವತ್ತೊಂದು ದಿನ ಕೊಲ್ಲಿ ಮುಚ್ಚಿದರು.
ಮೇಜು ಒರೆಸಿದೆ. ಪೆನ್ಸಿಲು ಹೆರೆದೆ. ಪರದೆ ಒಗೆದೆ.
ತಂಗಿಯ ಮನೆಯ ಪರದೆಯನ್ನೂ ಒಗೆದೆ.
ಒಂದು ಸಾಲು ಹುಟ್ಟಲಿಲ್ಲ.
ಪುರುಸೊತ್ತು ಅಂದರೆ ನಿಂತ ನೀರು ಮೇಷ್ಟ್ರೇ,
ನಿಂತ ನೀರಲ್ಲಿ ಏನೂ ಉಸಿರಾಡುವುದಿಲ್ಲ.
ನಲವತ್ತೆರಡನೆಯ ದಿನ ಬೂಟು ಏರಿಸುವಾಗ,
ಒಂದು ಕಾಲು ಒಳಗೆ, ಒಂದು ಹೊರಗೆ,
ಹನ್ನೊಂದು ಸಾಲು ಬಂತು."

ತರಗತಿಗೆ ನಾನು ಹೇಳಿರದ ಮಾತೊಂದಿತ್ತು:
ನನ್ನ ಹಸಿರು ಮನೆಗಳಿಗೆ ನಾಲ್ಕು ವರ್ಷದಿಂದ ಬೀಗ.
ಐದಕ್ಕೆ ಏಳುತ್ತೇನೆ, ಅದೇ ಕುರ್ಚಿ, ಅದೇ ಗಂಟೆ,
ಗೊಂತು ಇದೆ, ಹಗ್ಗ ಇದೆ,
ಎತ್ತು ಎಲ್ಲಿಗೆ ಹೋಯಿತೆಂದು ಕೇಳುವವರಿಲ್ಲ.
ನಾನು ಹೊತ್ತು ಕಾಯುತ್ತೇನೆ.
ಅವಳು ಹೊತ್ತನ್ನು ಹೊತ್ತು ತರುತ್ತಾಳೆ,
ಬಕೆಟ್ಟಿನಲ್ಲಿ, ದಾರಿಯುದ್ದಕ್ಕೂ ಸೋರಿಸುತ್ತಾ.

ಎಲ್ಲರೂ ಹೋದರು. ಕುರ್ಚಿಯ ಕೆಳಗೆ
ಬೂಟಿನಾಕಾರದ ಎರಡು ಒದ್ದೆ ಗುರುತು.
ಕಾವಲುಗಾರ ಕೀಲಿಕೈ ತರುವುದಕ್ಕೆ ಇನ್ನೂ ಹನ್ನೆರಡು ನಿಮಿಷ.
ಗೋಡೆಯ ಪಟ್ಟಿ ಕಿತ್ತೆ. ಅದರ ಬೆನ್ನು ಬಿಳಿ.
ಮೆಟ್ಟಿಲ ಮೇಲೆ ಕೂತು, ಮೊಣಕಾಲ ಮೇಲೆ ಹಾಸಿ,
ಒಂದು ಸಾಲು ಬರೆದೆ.
ಸಣ್ಣದು. ಕಿಂಡಿಯಲ್ಲಿ ಸಲೀಸಾಗಿ ತೂರುವಷ್ಟು.

ಕೆಳಗೆ ಕೀಲಿಗೊಂಚಲು ಗಲಗಲ ಅಂದಿತು.
ಸಾಲನ್ನು ವಾಪಸ್ಸು ಬಿಟ್ಟೆ.