ಏಳನೆಯ ಹಾಡು, ಟ್ರಾಂಬೋನ್

ಮೊಮ್ಮಗ ತಂದ. ಎರಡು ತಟ್ಟೆ, ಮೂವತ್ತೆರಡು ಹಳೆಯ ಹಾಡು,
ಹೊದಿಕೆಯ ಮೇಲೆ ಕಿಂಗ್‌ಸ್ಟನ್ನಿನ ಯಾವುದೋ ಬೀದಿ,
ನಾನಿದ್ದ ಬೀದಿಯಲ್ಲ.
ಹ್ಯಾಂಡ್ಸ್‌ವರ್ತಿನ ಈ ಅಡುಗೆಮನೆಯಲ್ಲಿ
ಶನಿವಾರದ ಸೂಪಿಗೆ ಕುಂಬಳ ಹೆಚ್ಚುವುದ ಬಿಟ್ಟು
ಕನ್ನಡಕ ಏರಿಸಿ ಹಿಂಬದಿ ಓದಿದೆ.
ಇರುವೆ ಸಾಲಿನಂಥ ಅಕ್ಷರ.
ಏಳನೆಯ ಹಾಡು: ಡ್ರಮ್ಸ್ ಇಂಥವರು, ಬಾಸ್ ಇಂಥವರು.
ಟ್ರಾಂಬೋನ್, ಗೊತ್ತಿಲ್ಲ.

ಯಾರಿಗೆ ಗೊತ್ತಿಲ್ಲ?

ಯೂರಾಯ ಟುಲಕ್. ನನ್ನ ಅಣ್ಣ.
ಎಡಗಿವಿಯ ಹಿಂದೆ ಕಾದೆಣ್ಣೆ ಸಿಡಿದ ಕಲೆ.
ಸನ್ಯಾಸಿನಿಯರ ಶಾಲೆಯಲ್ಲಿ
ಬೆತ್ತದೇಟಿಗೊಂದರಂತೆ ಸ್ವರ ಕಲಿತವನು;
ಕಡೆಯ ಸ್ವರಕ್ಕೆ ಕೈ ಎಟುಕದೆ
ಭುಜವನ್ನೇ ಕಳಚಿ ಕೊಡುವಂತೆ ಮುಂದಕ್ಕೆ ಬಾಗುತ್ತಿದ್ದ.

ಅವನ ಮೊದಲ ಸಂಬಳ ಮಾತ್ರ ಊದಿದ್ದಕ್ಕಲ್ಲ,
ಕೆರೆದದ್ದಕ್ಕೆ.
ಸೌಂಡ್ ಸಿಸ್ಟಮ್ಮಿನ ಯಜಮಾನ ಮಿಸ್ಟರ್ ಬಕಲ್
ಹಡಗಿನವರ ಕೈಲಿ ಮಯಾಮಿಯಿಂದ ತಟ್ಟೆ ತರಿಸುತ್ತಿದ್ದ.
ಯಾರ ಹಾಡೆಂದು ಎದುರಾಳಿಗೆ ತಿಳಿಯಕೂಡದು.
ಅಂಗಳದ ನಲ್ಲಿಯ ಬಳಿ ಕುಕ್ಕರಗಾಲಲ್ಲಿ ಕೂತು
ಅಣ್ಣ ಲೇಬಲ್ಲು ನೆನೆಸಿ
ಪೆನ್ನಿಯ ಅಂಚಿನಿಂದ ಕೆರೆಯುತ್ತಿದ್ದ,
ಮೊದಲು ಹಾಡಿದವನ ಹೆಸರು, ಆಮೇಲೆ ಹಾಡಿನದು.
ಉಗುರಲ್ಲಿ ನೀಲಿ ಕಾಗದದ ಚೂರು. ಅನ್ನದಲ್ಲೂ.
ಯಾರದು ಆ ಹೆಸರು ಎಂದರೆ
ಇನ್ನು ಯಾರದೂ ಅಲ್ಲ ಎಂದು ನಗುತ್ತಿದ್ದ.

ರಾತ್ರಿ ಆ ಬೋಳು ತಟ್ಟೆ
ಕಪಾಟಿನಷ್ಟು ದೊಡ್ಡ ಪೆಟ್ಟಿಗೆಗಳೊಳಗಿಂದ ಗುಡುಗುವಾಗ
ನಮ್ಮ ಬೇಲಿಯ ಸತುವಿನ ತಗಡು ನಡುಗುತ್ತಿತ್ತು.
ಕುಣಿಯುವವರಿಗೆ ಹೆಸರು ಯಾಕೆ ಬೇಕು?

ಆಮೇಲೆ ಸ್ವಾತಂತ್ರ್ಯ ಬಂತು.
ಬಾವುಟದ ಬಟ್ಟೆ ಇನ್ನೂ ಮಡಿಕೆ ಬಿಟ್ಟಿರಲಿಲ್ಲ,
ನಮ್ಮ ಹಾಡು ನಾವೇ ಮಾಡುತ್ತೇವೆಂದು ಹೊರಟರು.
ಒಂದೇ ಮೈಕು, ಒಂದೇ ಬಾರಿ, ಮೂವತ್ತು ಶಿಲಿಂಗು.
ಮನೆಗೆ ಬಂದವನು ಇಸ್ತ್ರಿ ಮಾಡುತ್ತಿದ್ದ ಅಮ್ಮನ ಮೇಜಿನ ಮೇಲೆ
ಬೆರಳಿಂದ ಬಡಿದು ತೋರಿಸಿದ.
ತಾಳ ಬೀಳುವ ಕಡೆ ಬೀಳುವುದಿಲ್ಲ ನಾವು,
ಬಿದ್ದು ಏಳುವ ಕಡೆ ಇದ್ದೇವೆ, ಕೇಳು:
ಊಂ ಚಕ, ಊಂ ಚಕ.
ಅಮ್ಮ ಕೇಳಿದಳು, ಶಿಲಿಂಗು ಎಲ್ಲಿ?

ಒಂದು ಬೇಸಿಗೆ, ಬಿಸಿಲಿಗೋ ಬಂದೂಕಿಗೋ,
ಹಾಡುಗಳೆಲ್ಲ ನಡಿಗೆ ನಿಧಾನಿಸಿದವು.
ಬಾಸು ಮುಂದೆ ಬಂದು ಕೂತಿತು. ತುತ್ತೂರಿಯವರನ್ನು
ಕರೆಯುವುದು ಕಡಿಮೆಯಾಯಿತು.
ಅಣ್ಣ ಟ್ರಾಂಬೋನನ್ನು ಗಿರವಿಯಿಟ್ಟು
ಫ್ಲಾರಿಡಾಕ್ಕೆ ಕಬ್ಬು ಕಡಿಯಲು ಹೋದ.
ನಾನು ಇಲ್ಲಿಗೆ, ಆಸ್ಪತ್ರೆಯ ಬಟ್ಟೆ ಒಗೆಯಲು.
ನಾಲ್ಕು ಕಾಗದ ಬಂದವು. ಐದನೆಯದು
ನಾನೇ ಬರೆದದ್ದು, ಮರಳಿ ಬಂತು.

ಮೊಮ್ಮಗ ಹಾಡು ಹಾಕಿದ.
ನನಗೆ ಸ್ವರಕ್ಕಿಂತ ಮೊದಲು ಉಸಿರು ಕೇಳಿಸಿತು.
ಕಡೆಯ ಸ್ವರಕ್ಕೆ ಬಾಗುವ ಮುನ್ನ
ಮೂಗಿನಿಂದ ಎಳೆಯುವ ಆ ಚೂರು ಗಾಳಿ,
ನೆಗಡಿ ಹಿಡಿದ ಹುಡುಗನದು.
ಅದನ್ನು ಕೆರೆಯಲು ಯಾರ ಪೆನ್ನಿಗೂ ಆಗಿಲ್ಲ.

ಕಂಪನಿಗೆ ಬರೆಯೋಣ ಅಜ್ಜಿ, ಎಂದ ಹುಡುಗ,
ಮುಂದಿನ ಮುದ್ರಣದಲ್ಲಿ ಸೇರಿಸುತ್ತಾರೆ.
ಬರೆ ಎಂದೆ. ಟುಲಕ್‌ಗೆ ಎರಡು ಎಲ್.

ಬರೆಯುತ್ತಿದ್ದಾನೆ. ಸೂಪು ಉಕ್ಕುತ್ತಿದೆ.
ನನಗೆ ಮಾತ್ರ ನಲ್ಲಿಯ ಬಳಿಯ ಆ ನೀಲಿ ಲೇಬಲ್ಲು.
ಅವನಿಗೂ ಒಬ್ಬಳು ತಂಗಿ ಇದ್ದಾಳು,
ಮೆಂಫಿಸಿನಲ್ಲೋ, ಮತ್ತೆಲ್ಲೋ, ಕನ್ನಡಕ ಹುಡುಕುತ್ತ.
ಅಣ್ಣನ ಹೆಗಲ ಮೇಲಿಂದ ಬಗ್ಗಿ ನೋಡಿದ್ದೆ,
'ಲೆ' ಎಂದು ಶುರುವಾಗಿತ್ತು.
ಅಷ್ಟು ಓದುವುದರೊಳಗೆ
ನಾಣ್ಯ ಬಂತು.