ಮಳೆ ಹೇಗಿತ್ತು

ಅವಳಿಗಿಂತ ಮೊದಲು ಬಂದದ್ದು ಅವಳ ಮೆಣಸಿನಕಾಯಿ.
ಪೊನ್ನಂಪೇಟೆ ಅಂಚೆ ಕಚೇರಿ, ನನ್ನ ಮೇಜಿನ ಮೇಲೆ
ಭೂತಾನದ ಪಾರ್ಸೆಲ್ಲು, ಒಂದು ಮೂಲೆ ಹರಿದದ್ದು.
ಪೋಸ್ಟ್‌ಮಾಸ್ಟರರಿಂದ ಹಿಡಿದು
ಪಿಂಚಣಿಗೆ ಬಂದ ಸುಬೇದಾರರವರೆಗೆ ಎಲ್ಲರೂ ಸೀನಿದೆವು.
ಬಿಡಿಸಿಕೊಳ್ಳಲು ಬಂದವಳು ಫಾರೆಸ್ಟ್ರಿ ಕಾಲೇಜಿನ ಹುಡುಗಿ.
ಹೆಸರು? ದೆಚೆನ್.
ನಾನು ದೇಚಮ್ಮ, ಮನೆಯಲ್ಲಿ ದೇಚು, ಎಂದೆ.
ಮಹಡಿಯ ಕೋಣೆ ಖಾಲಿ ಇದೆ ಅಂತಲೂ
ಅದೇ ಉಸಿರಿನಲ್ಲಿ ಹೇಳಿದೆನಂತೆ. ನನಗೆ ನೆನಪಿಲ್ಲ.

ಎರಡು ವರ್ಷವಾಯಿತು.
ನಿನ್ನೆ ಜೀಪಿನಿಂದ ಇಳಿದರು ಅಪ್ಪ, ಅಮ್ಮ, ಮೂರು ಗಂಟು.
ದಾರಿಯುದ್ದ ಉರು ಹೊಡೆದ ಕಾಲೇಜು ಕನ್ನಡದಲ್ಲಿ
'ಇವರು ನನ್ನ ತಾಯಿ' ಎಂದಳು ದೆಚೆನ್.
ಬೆತ್ತದ ಕುರ್ಚಿಯಿಂದ ನನ್ನತ್ತೆ ಬೊಳ್ಳವ್ವ ತಲೆಯೆತ್ತಿ,
'ಹಾಗಾದರೆ ನಾನು?'
ನಮ್ಮ ಕೊಡವ ಮಾತಲ್ಲಿ ತಾಯಿ ಎಂದರೆ ಅಜ್ಜಿ.
ಎರಡು ವರ್ಷ ಇವಳು ಕೂಗಿ ಕೂಗಿ
ಆ ಪದ ಅತ್ತೆಯ ಹೆಸರಿಗೆ ಪಟ್ಟಾ ಆಗಿತ್ತು.
ಹುಡುಗಿ ಕೆಂಪಾದಳು, ಇದ್ದಬದ್ದ ಭಾಷೆಯನ್ನೆಲ್ಲ ತಡಕಿ
ಅವರನ್ನು ಆಮ ಎಂದಳು,
ಅದುವರೆಗೂ ಆಂಟಿ ಎನ್ನುತ್ತಿದ್ದವಳು
ನನ್ನನ್ನು ತೋರಿಸಿ ಅವ್ವ ಎಂದಳು.
ನಾನು ಚಪ್ಪಲಿ ಜೋಡಿಸುವವಳಂತೆ ಬಗ್ಗಿದೆ.

ಗಂಡಸರಿಗೆ ಹಿಂದಿ ಸಿಕ್ಕಿತು.
ಚಂಗಪ್ಪನ ಮಿಲಿಟರಿ ಹಿಂದಿ, ಅವಳಪ್ಪನ ಲಾರಿ ಹಿಂದಿ
ಜೊತೆಯಾಗಿ ಮೆಣಸಿನ ಬಳ್ಳಿ ನೋಡಲು ಹೋದವು.
ಉಳಿದ ನಮಗೆ ದೆಚೆನ್ ಒಬ್ಬಳೇ ಸೇತುವೆ.
ಆಮ ಸೊಂಟದ ಮಡಿಕೆಯಿಂದ ಅಡಿಕೆ ತೆಗೆದು
ಸುಣ್ಣ ಹಚ್ಚಿ ಅತ್ತೆಗೆ ಕೊಟ್ಟರು.
ಅವರ ಕಡೆ ಅಡಿಕೆ ಕೊಳೆಸುತ್ತಾರಂತೆ, ನಾತಕ್ಕೆ ಬೆಕ್ಕು ಎದ್ದುಹೋಯಿತು.
ಅತ್ತೆ ಮಾತ್ರ ಕುಟ್ಟಾಣಿಯಲ್ಲಿ ಹಾಕಿ ಕುಟ್ಟಿ,
ಕಣ್ಣಲ್ಲಿ ನೀರು ತುಂಬಿಕೊಂಡು, ಇನ್ನೊಂದು ಕೇಳಿದರು.

ಊಟಕ್ಕೆ ಕೂತಾಗ ಆಮ ಮಗಳ ಜಡೆ ಹಿಡಿದರು.
ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಅದರ ದಪ್ಪ ನೋಡಿ
ನನ್ನ ಕಡೆ ತಿರುಗಿ ಏನೋ ಕೇಳಿದರು.
'ಆಮ ಕೇಳ್ತಾರೆ,' ಎಂದಳು ದೆಚೆನ್, ಅನ್ನ ಕಲಸುತ್ತ,
'ಇಲ್ಲಿ ಮಳೆ ಹೇಗಿತ್ತು ಅಂತ.'

ಮಳೆ ಕೇಳುವವರು ಹಾಗೆ ಜಡೆ ಅಳೆಯುವುದಿಲ್ಲ.

ಕಕ್ಕಡದಲ್ಲಿ ಡೆಂಗಿ. ಗೋಣಿಕೊಪ್ಪದ ಆಸ್ಪತ್ರೆ,
ಇಳಿದು ಇಳಿದು ನಿಲ್ಲದ ರಕ್ತದ ಲೆಕ್ಕ,
ಪಪ್ಪಾಯಿ ಎಲೆಯ ರಸ ಕುಡಿಸಿದರೆ ನನ್ನ ಸೀರೆಗೇ ವಾಂತಿ.
ಮನೆಗೆ ಹೇಳಬೇಡಿ, ಕರೆಸಿಕೊಂಡುಬಿಡುತ್ತಾರೆ, ಓದು ನಿಲ್ಲುತ್ತದೆ,
ಎಂದು ಸುಡುವ ಕೈಯಲ್ಲಿ ನನ್ನ ಕೈ ಹಿಡಿದಿದ್ದಳು.
ಪತ್ರ ಮುಟ್ಟಿಸುವುದೇ ಕಸುಬಾದ ನಾನು
ಒಂದು ಸುದ್ದಿಯನ್ನು ಸೆರಗಿನಲ್ಲಿ ಕಟ್ಟಿಟ್ಟೆ.
ನಾನೇ ಆ ಹೆತ್ತವಳಾಗಿದ್ದರೆ
ನನ್ನಂಥವಳ ಮನೆಯಲ್ಲಿ ನೀರು ಮುಟ್ಟುತ್ತಿರಲಿಲ್ಲ.

'ಮಳೆ ಜೋರಿತ್ತು,' ಎಂದೆ, ಅವರನ್ನೇ ನೋಡುತ್ತ.
'ಮಳೆ ಹನ್ನೊಂದು ದಿನ. ಒಂದು ರಾತ್ರಿಯಂತೂ
ಮನೆಯೇ ಉಳಿಯುವುದಿಲ್ಲ ಅನ್ನಿಸಿತ್ತು. ಆಮೇಲೆ ಬಿಟ್ಟಿತು.'
ದೆಚೆನ್ ಇಷ್ಟನ್ನೆಲ್ಲ ಎರಡೇ ಪದದಲ್ಲಿ ದಾಟಿಸಿದಳು.
ಆಮ ತಲೆಯಾಡಿಸಿ, ಹಂದಿಮಾಂಸಕ್ಕೆ ಹಾಕಿದ
ಕಪ್ಪು ಹುಳಿ ಯಾವುದು ಎಂದು ಸನ್ನೆಯಲ್ಲಿ ಕೇಳಿದರು.
ಕಾಚಂಪುಳಿಯ ಬಾಟಲಿ ತೋರಿಸಿದೆ. ಮೂಸಿ, ಸೀನಿದರು.
ಪಾರ್ಸೆಲ್ಲಿನ ಸಾಲ ತೀರಿತು ಅಂದುಕೊಂಡೆ.

ಇವತ್ತು ಬೆಳಿಗ್ಗೆ ಬಸ್‌ಸ್ಟ್ಯಾಂಡು. ಫೆಬ್ರವರಿಯ ಬೋಳು ಆಕಾಶ.
ಹುಡುಗಿ ಗಂಟುಗಳ ಜೊತೆ ಬಸ್ಸಿನ ಹಿಂದೆ.
ಆಮ ನನ್ನ ಹತ್ತಿರ ಬಂದು,
ನಿನ್ನೆ ನನ್ನ ಬಾಯಿಂದ ಹೆಕ್ಕಿಟ್ಟುಕೊಂಡಿದ್ದ ಪದವನ್ನು
ಜೋಪಾನವಾಗಿ ಹೊರಗಿಟ್ಟರು:
'ಮಳೆ?'

ನಾನು ಎರಡೂ ಕೈಯ ಬೆರಳು ಬಿಡಿಸಿ ತೋರಿಸಿದೆ.
ಹತ್ತು.
ಆಮೇಲೆ ಮಡಚಿ, ಇನ್ನೊಂದು.

ಆ ಇನ್ನೊಂದು ಬೆರಳನ್ನು
ಅವರು ತಮ್ಮ ಮುಷ್ಟಿಯೊಳಗೆ ಹಿಡಿದುಕೊಂಡರು.
ಕಂಡಕ್ಟರು ಎರಡು ಸಲ ಸೀಟಿ ಊದಿದ.