ಆರನೇ ತೂತು

ಗೂಡ್ಸ್ ಗಾಡಿ ಬರೋತನ ಕಾಯ್ತೀನಿ ನಾ.
ವಾಡಿ ಕಡಿಂದ ಸಿಮೆಂಟ್ ತುಂಬ್ಕೊಂಡು
ಐವತ್ತೆಂಟು ಡಬ್ಬಿ ಹೊಂಟಾಗ
ಶಹಾಬಾದಿನ ನಮ್ಮ ಓಣಿ ಗ್ವಾಡಿ ನಡಗ್ತಾವ,
ಮಾಡದಾಗಿನ ಚಿಮಣಿ ನಡಗ್ತದ.
ಆವಾಗ ಊದ್ತೀನಿ.
ಚೀರಿದ್ರೂ ಗಾಡಿ ಬ್ರೇಕು ಅಂತ ತಿಳೀತಾರ ಮಂದಿ.

ಆದ್ರ ಗಾಡಿಗೊಂದು ಬಾಲ ಅದ, ಮುಗೀತದ.
ನನ್ನ ಚೀರಿಗಿಲ್ಲ.
"ನಿಮ್ಮ ಎಮ್ಮಿ ಈಯಲತ್ತದೇನ್ರಿ?"
ಗ್ವಾಡಿ ಆಚಿಂದ ರತ್ನಾಬಾಯಿ.
ಎಮ್ಮಿ ಇಲ್ಲ ನಮಗ.
ಮಹಾನಂದಾ ರೊಟ್ಟಿ ಬಡಿಯೋದು ನಿಲ್ಲಿಸಿ ನಗ್ತಾಳ,
ಮತ್ತ ಬಡೀತಾಳ, ಜರಾ ಜೋರ.

ಲಾಡ್ಲೇಸಾಬ್ ಕಾಕಾ
ನ್ಯೂ ಗುಲ್ಶನ್ ಬ್ಯಾಂಡಿನ್ಯಾಗ ನಲವತ್ತು ಲಗ್ನಸರಾಯಿ ಊದಿದಾವ.
ಈಗ ಮುಂದಿನ ಎರಡು ಹಲ್ಲಿಲ್ಲ,
ಅದಕ್ಕ ಕ್ಲಾರಿನೆಟ್ ನನ್ನ ಕೈಯಾಗ.
"ಚೀರಿದ್ರ ಸಿಟ್ಟಾಗಬ್ಯಾಡ. ಕೂಸು ಅತ್ರ ಏನ್ ಮಾಡ್ತಿ?
ಹಸಿವೋ, ಇರುವಿ ಕಡದದೋ, ಒದ್ದಿ ಮಾಡ್ಕೊಂಡದೋ,
ಒಂದೊಂದೇ ನೋಡು."

ಮೊದಲ ಪತ್ತಿ ಬಿಚ್ಚಿದ.
ನಮ್ಮ ಬಿಸಿಲಿಗೆ ಹಪ್ಪಳದಂಗ ಡೊಂಕಾಗಿತ್ತು.
ನಾಲಿಗಿ ಮ್ಯಾಲ ಇಟ್ಕೊಂಡು ಕುಂತ, ಮಾತಿಲ್ಲ,
ಛಾ ಆರಿಹೋಯ್ತು.
ಆಮ್ಯಾಲ ಹೊಸ್ತಲ ಫರಸಿ ಮ್ಯಾಲ
ಪತ್ತಿ ಬೆನ್ನು ಕೆಳಗ ಮಾಡಿ ತಿಕ್ಕಿದ,
ಮೆಲ್ಲಕ, ಕೂಸಿನ ಕೈಲಿಂದ ಬಳಿ ತೆಗದಂಗ.
ಆ ಫರಸಿ ನಾನೇ ಪಾಲಿಶ್ ಮಾಡಿದ್ದು.
ಹನ್ನೊಂದು ವರ್ಷದಾಗ ಲಾರಿಗಟ್ಟಲೆ ಹೋಗ್ಯಾವ
ಯಾರ್ಯಾರ ಪಡಸಾಲಿಗೋ,
ಇದೊಂದರ ಗುರ್ತು ಹತ್ತಿತು.

ಊದಿದೆ. ಚೀರ್ತು.

"ಕಡೀಲತ್ತಿ ನೀ. ಅದು ಕಬ್ಬಲ್ಲ.
ಕೆಳಗಿನ ತುಟಿ ಹಲ್ಲಿನ ಮ್ಯಾಲ ಕೌದಿ ಹಾಸಿದಂಗ ಹಾಸು.
ಗಲ್ಲ ಉಬ್ಬಿಸಬ್ಯಾಡ, ಜಿಲೇಬಿ ತಿನ್ಲತ್ತಿಯೇನು?"

ಚೀರ್ತು. ಜರಾ ಸಣ್ಣಗ.

ಬೀಡಿ ಹಚ್ಚಿದ ಕಾಕಾ.
ಕಹಳಿ ಬಿಚ್ಚಿ, ಕೊಳವಿ ತುದಿ ತನ್ನ ಮೊಣಕಾಲಿಗೆ ಆನಿಸಿ
"ಎಲ್ಲಾ ತೂತು ಮುಚ್ಚು, ಕಿರಿಬೆರಳಿಲೆ ಚಾವಿ ಒತ್ತು" ಅಂದ.
ಎದಿ ತುಂಬ ಎಳದು ಹೊಗಿ ಒಳಗ ಬಿಟ್ಟ.
ಇಬ್ಬರೂ ನೋಡ್ಲತ್ತೀವಿ.
ಚಾವಿ ಸಂದಿಂದ ಇಲ್ಲ.
ದಾರ ಸುತ್ತಿದ ಜೋಡಿಂದ ಇಲ್ಲ.
ನನ್ನ ಬಲಗೈ ಉಂಗುರಬೆರಳಿನ ಬುಡದಾಗಿಂದ
ನೂಲಿನಷ್ಟು ಹೊಗಿ
ಊದಿನಕಡ್ಡಿ ಹಚ್ಚಿದಂಗ ನೆಟ್ಟಗ ಎದ್ದಿತ್ತು.

ಬೆರಳು ತಿರುವಿ ಬಿಸಿಲಿಗಿ ಹಿಡದ.
ಕಲ್ಲಿನ ನೀರಾಗ ನೆನದು, ಕಲ್ಲಿನ ಧೂಳಾಗ ಒಣಗಿ,
ದಡ್ಡುಗಟ್ಟಿ, ನಡುವ ಸೀಳಿ.
ಕರಿಹೊಲ ಬಾಯಿ ಬಿಟ್ಟಂಗ.
ಅಲ್ಲಿಂದ ಹೊಂಟಿತ್ತು ಎಲ್ಲಾ ಗಾಳಿ,
ನಾ ಪತ್ತಿಗಿ ಬೈದದ್ದೆಷ್ಟು!
"ಅಂದ್ರ ನನಗ ಬರಂಗಿಲ್ಲೇನು ಕಾಕಾ?"
ಕಾಕಾ ಬೀಡಿ ಪೂರಾ ಮುಗಿಸಿದ.
"ಬಿಸಿನೀರಾಗಿಡು. ಕುಸುಬಿ ಎಣ್ಣಿ ಹಚ್ಚು.
ಪತ್ತಿ ತಿಕ್ಕಿದ ಕಲ್ಲಿಗೇ ತಿಕ್ಕು."

ಈಗ ದಿನಾ ರಾತ್ರಿ ಮಹಾನಂದಾ
ಒಂದೇ ಬೆರಳಿಗಿ ಎಣ್ಣಿ ಹಚ್ಚತಾಳ,
ಮದುಮಗಗ ಹಚ್ಚಿದಂಗ, ಹಾಡು ಒಂದಿಲ್ಲ ಅಷ್ಟೇ.
ಮುಂಜಾನಿ ಮಷೀನ್ ಚಾಲೂ ಮಾಡಿದ್ರ
ಮತ್ತ ಕಲ್ಲು ತನ್ನದು ತಾ ವಸೂಲಿ ಮಾಡ್ತದ.

ಹೋದ ಬೇಸ್ತವಾರ ಗಾಡಿ ಬಂತು.
ಆರೂ ತೂತು ಮುಚ್ಚಿ ಊದಿದೆ.
ಬಾವಿ ತಳದಾಗ ಯಾರೋ
ಹ್ಞೂಂ ಅಂದಂಗ ಒಂದು ಸುರ.
ನಾ ಕಣ್ಣು ಮುಚ್ಚಿದ್ದೆ,
ಗಾಡಿ ಯಾವಾಗ ಹೋಯ್ತೋ,
ಓಣಿ ಸಪ್ಪಳಿಲ್ಲ, ಸುರ ಇನ್ನಾ ಇತ್ತು.
ಒಲಿ ಮ್ಯಾಲ ರೊಟ್ಟಿ ಹೊತ್ತಿದ ವಾಸನಿ ಬಂತು.

ಹುರುಪಿಗೆ ಬಿದ್ದು
ಹೆಬ್ಬೆರಳ ಚಾವಿ ಒತ್ತಿ ಮ್ಯಾಲಿನ ಸುರಕ್ಕ ಏರಿದೆ.

ಚೀರ್ತು.

ಗ್ವಾಡಿ ಆಚಿಂದ ರತ್ನಾಬಾಯಿ:
"ಈತೇನ್ರಿ? ಹೆಣ್ಣುಗರಾನೋ ಗಂಡುಗರಾನೋ?"